ಹಿರೇಸಂಕದ ಬುಟ್ಟಿ ದಿಬ್ಬ

ಹಿರೇಸಂಕದ ಕಾಲೇಜು ಮೈದಾನದ ಪಡುವಣ ಅಂಚಿನಲ್ಲಿ ಇಂದಿಗೂ ಒಂದು ಮಣ್ಣಿನ ದಿಬ್ಬವಿದೆ. ನೆತ್ತಿಯಲ್ಲೊಂದು ಬೇವಿನ ಮರ, ಅದರ ಬುಡದಲ್ಲಿ ಬೋರಲು ಹಾಕಿದ ಬಿದಿರ ಬುಟ್ಟಿ. ಬುಟ್ಟಿ ದಿಬ್ಬ ಎನ್ನುತ್ತಾರೆ. ಓದಿದವರು ಬಂದು ಯಾವನೋ ಪಾಳೇಗಾರನ ಬುರುಜಿದು ಎಂದು ಹೇಳಿ ಹೋಗುತ್ತಾರೆ. ಹೇಳಲಿ ಪಾಪ. ಇದನ್ನು ಎಬ್ಬಿಸಿದವರು ಅಂಬಣ್ಣ ಮಾಸ್ತರರು.

ಹಿಂದೆ ಒಮ್ಮೆ, ಕಾಲೇಜು ಹೊಸದಾಗಿ ಶುರುವಾದಾಗ, ಅಂಬಣ್ಣನವರು ಆಟದ ಮಾಸ್ತರರಾಗಿ ಬಂದರು. ಅವರು ಸೀಟಿ ಊದಿದರೆ ಹೊಳೆಯಾಚೆಯ ಎತ್ತುಗಳು ನೇಗಿಲ ಸಮೇತ ನಿಲ್ಲುತ್ತಿದ್ದವಂತೆ. ರೈಲೂ ಒಮ್ಮೆ ನಿಂತಿತ್ತು, ನಂಬದವರು ಬಿಡಲಿ. ಕಾಲೇಜಿನಲ್ಲಿದ್ದದ್ದೇ ಹಿಡಿಯಷ್ಟು ಹುಡುಗರು. ಬೆಳಗ್ಗೆ ಹಾಕಿ, ಮಧ್ಯಾಹ್ನ ಕಬಡ್ಡಿ, ಸಂಜೆ ಫುಟ್‌ಬಾಲ್, ಆಡುವವರು ಅವರೇ. ಮೈದಾನವೋ ಬರೀ ಇಳಿಜಾರು, ಚೆಂಡಿಟ್ಟರೆ ತಾನೇ ಉರುಳಿ ಕೆರೆ ಸೇರುತ್ತಿತ್ತು. ಮಾಸ್ತರರು ಯಾರಿಗೂ ಬೆತ್ತ ಎತ್ತಲಿಲ್ಲ. ಆಟದಲ್ಲಿ ತಪ್ಪಿದವನು, ಸಿಟ್ಟು ಮಾಡಿದವನು, ಎತ್ತರದ ಬದಿಯ ಮಣ್ಣು ಅಗೆದು ಒಂದು ಬುಟ್ಟಿ ಅಂಚಿನಾಚೆ ಸುರಿಯಬೇಕು. ಅಷ್ಟೇ ಶಿಕ್ಷೆ.

ಒಂದು ವರ್ಷ ಫುಟ್‌ಬಾಲ್ ಫೈನಲ್ಲು ಇಲ್ಲೇ ನಡೆಯಿತು. ಕಾಲೇಜು ಕಟ್ಟಿಸಿದ ದೇಸಾಯರು, "ಈ ಸಲ ಸೋತರೆ ಮಾಸ್ತರ ಗಂಟು ಕಟ್ಟಲಿ" ಎಂದುಬಿಟ್ಟಿದ್ದರು. ಅದನ್ನು ಕೇಳಿದಾಗಿನಿಂದ ಗೋಲು ಕಾಯುವ ದಾವಲಸಾಬನಿಗೆ ಅನ್ನ ಸೇರಿರಲಿಲ್ಲ. ತಂದೆಯಿಲ್ಲದ ಅವನನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿದ್ದವರು ಮಾಸ್ತರರೇ. ಆಟ ಸಮಸಮ, ಮುಗಿಯಲು ಇನ್ನೇನು ಸೀಟಿಯೊಂದೇ ಬಾಕಿ. ಎದುರಾಳಿ ಹುಡುಗನೊಬ್ಬ ಚೆಂಡಿನೊಡನೆ ನುಗ್ಗಿ ಬಂದ. ಗಾಬರಿಯಲ್ಲಿದ್ದ ದಾವಲನ ಕಣ್ಣಿಗೆ ಚೆಂಡು ಕಾಣಲಿಲ್ಲ, ಕಾಲು ಕಂಡಿತು! ಹಾರಿ ಎರಡೂ ಕೈಯಲ್ಲಿ ಅವನ ಹಿಮ್ಮಡಿ ಹಿಡಿದು, ಥೇಟ್ ಕಬಡ್ಡಿಯ ಹಾಗೆ, ಅವನ ಉಸಿರು ಮುಗಿಯುವುದನ್ನೇ ಕಾಯುತ್ತ ಮಲಗಿದ. ಪೆನಾಲ್ಟಿ ಕೊಟ್ಟರು. ಹಿರೇಸಂಕದವರು ಸೋತರು.

ದಾವಲ ಅಳುತ್ತ ಬುಟ್ಟಿಗೆ ಕೈ ಹಾಕಿದಾಗ ಅದು ಆಗಲೇ ಮಾಸ್ತರರ ತಲೆಯ ಮೇಲಿತ್ತು.

"ಕೊಡ್ರಿ ಸರ, ತಪ್ಪು ನಂದೈತಿ."

"ಒಂದ ಕೈಗೆ ಎಲ್ಲಾ ಆಟ ಕಲಿಸಿದಾವ ಯಾರಲೇ? ಸರಿ ಅತ್ಲಾಗ. ಆದ್ರ ಹಿಡಿತ ಮಾತ್ರ ಭಾರೀ ಇತ್ತು ನೋಡ ಮಗನ!"

ಮಾಸ್ತರರು ಹೊತ್ತದ್ದು ಕಂಡು ಆಡಿದವರೆಲ್ಲ ಬುಟ್ಟಿ ಹೊತ್ತರು. ನೋಡಲು ಬಂದವರು ಹೊತ್ತರು, ಗೆದ್ದವರೂ ಹೊತ್ತರು. ಕೆಂಡವಾಗಿ ಬಂದ ದೇಸಾಯರು ಬಹಳ ಹೊತ್ತು ನಿಂತು ನೋಡಿ, ರುಮಾಲು ಬಿಚ್ಚಿ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡರು. "ಸಿಟ್ಟು ಮಾಡಿದವಗೂ ಒಂದ ಬುಟ್ಟಿ ಅಲ್ಲೇನ್ರೀ ಮಾಸ್ತರ? ಹೊರಸ್ರಿ." ದೀಪ ಹಚ್ಚುವ ಹೊತ್ತಿಗೆ ಮೈದಾನ ತಟ್ಟೆಯಂತಾಗಿತ್ತು, ದಿಬ್ಬ ಮುಗಿಲು ಮುಟ್ಟಿತ್ತು. ಆಮೇಲೆ ಮಳೆಗೆ ಕರಗಿ ಇಷ್ಟಾಗಿದೆ. ಮಾಸ್ತರರನ್ನು ಬಿಡಿಸುವ ಮಾತು ಮತ್ತೆ ಏಳಲೇ ಇಲ್ಲ.

ಮುಪ್ಪಿನಲ್ಲಿ ಅವರ ಮೊಣಕಾಲು ಸೋತವು. ದೇಹ ಬುಟ್ಟಿಯಲ್ಲಿ ಹಿಡಿಸುವಷ್ಟು ಸಣ್ಣದಾಯಿತಂತೆ. ಆಗಲೇ ತಾನೂ ಮೊಮ್ಮಕ್ಕಳನ್ನು ಕಂಡಿದ್ದ ದಾವಲಸಾಬ ದಿನಾ ಸಂಜೆ ಅವರನ್ನು ಬುಟ್ಟಿಯಲ್ಲಿ ಕೂರಿಸಿ, ತಲೆಯ ಮೇಲೆ ಹೊತ್ತು ದಿಬ್ಬ ಹತ್ತುತ್ತಿದ್ದ.

"ಇದು ಯಾವ ತಪ್ಪಿಗಲೇ ದಾವಲ?"

"ಅವತ್ತು ನನ್ನ ಬುಟ್ಟಿ ನೀವು ಹೊತ್ತಿದ್ರಲ್ಲರೀ ಸರ. ಅದ ಇದು."

ಈಗಲೂ ಆಟದಲ್ಲಿ ತಪ್ಪಿದ ಹುಡುಗರು ಬೇವಿನ ಬುಡಕ್ಕೆ ಒಂದು ಬುಟ್ಟಿ ಮಣ್ಣು ಹಾಕಿ ಬರುತ್ತಾರೆ. ದಿಬ್ಬದ ಬೆನ್ನಿಗೆ ಒಂದು ಕಾಲುದಾರಿ ಕಾಣುತ್ತದೆ, ಎಲ್ಲೂ ಕಡಿದಾಗಿಲ್ಲ. ತಲೆಯ ಮೇಲಿನವರು ಕುಲುಕದಂತೆ ನಡೆದವನ ದಾರಿ ಅದು.