ಓರಗಿತ್ತಿ ಬಯಲು

ಹೊಂಗೆಪೇಟೆಯ ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೋದರೆ ಹತ್ತೆಕರೆಯಷ್ಟು ಖಾಲಿ ಬಯಲು ಕಾಣುತ್ತೆ. ಊರಿನ ನಟ್ಟನಡುವೆ ಇಷ್ಟು ದೊಡ್ಡ ಜಾಗ ಸುಮ್ಮನೆ ಬಿದ್ದಿರೋದನ್ನು ನೋಡಿದ ಹೊರಗಿನವರು, ಅದರಲ್ಲೂ ಸೈಟು ವ್ಯಾಪಾರ ಮಾಡೋರು, ಹೆಜ್ಜೆ ಹಾಕಿ ಅಳೆಯೋಕೆ ಶುರು ಮಾಡುತ್ತಾರೆ. ಕೆಲವರ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಬಯಲು ಊಟದ ತಟ್ಟೆ ಹಾಗೆ ತಗ್ಗಾಗಿದೆ. ಒಂದು ದಂಡೆ ಮೇಲೆ ಮೇಲುಕೇರಿ, ಎದುರು ದಂಡೆ ಮೇಲೆ ಕೆಳಕೇರಿ, ತಲೆಯ ಕಡೆ ದೊಡ್ಡಕೆರೆಯ ಏರಿ. ಜೋರು ಮಳೆಗೆ ಕೆರೆ ಕೋಡಿ ಬಿದ್ದರೆ ನೀರೆಲ್ಲ ಬಯಲಿಗೆ ಬಂದು ಮೂರು ದಿನ ನಿಲ್ಲುತ್ತೆ, ಆಮೇಲೆ ಸಣ್ಣ ಕಾಲುವೆಯಲ್ಲಿ ನಿಧಾನಕ್ಕೆ ಕೆಳಗಿನೂರಿನ ಕೆರೆಗೆ ಹೋಗುತ್ತೆ. ಆ ಮೂರು ದಿನ ಕಪ್ಪೆಗಳ ಗಲಾಟೆಗೆ ನಮಗೆ ನಿದ್ದೆ ಬರಲ್ಲ. ಅದು ಬಿಟ್ಟರೆ ಬೇರೆ ನಷ್ಟ ಇಲ್ಲ. ಹೋದ ವರ್ಷದ ಮಳೆಗೆ ಪಕ್ಕದ ಕೋಟೆಮಾಳದಲ್ಲಿ ಪೇಟೆ ಬೀದಿಯ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು, ನಮ್ಮಲ್ಲಿ ಮಾತ್ರ ಎಲ್ಲರೂ ಚಪ್ಪಲಿ ಹಾಕಿಕೊಂಡು ಓಡಾಡಿದರು. ಅದನ್ನು ತಡೆಯಲಾರದೆ ಕೋಟೆಮಾಳದ ಪುರಸಭೆಯವರು ಒಂದು ವ್ಯಾನು ಮಾಡಿಕೊಂಡು ನೋಡೋಕೆ ಬಂದರು. ಯಾವ ಇಂಜಿನಿಯರು ಮಾಡಿದ್ದು, ನಕ್ಷೆ ಎಲ್ಲಿದೆ ಅಂತ ಕೇಳಿದರು. ನಮ್ಮ ಕಚೇರಿಯ ಗುಮಾಸ್ತರು ತುಂಬ ಹುಡುಕಿದಂತೆ ಮಾಡಿ, "ನಕ್ಷೆ ಅಂತ ಇಲ್ಲ ಸಾರ್, ಇಬ್ಬರು ಹೆಂಗಸರಿದ್ದರು" ಅಂದರು. ಆ ಬಯಲಿಗೆ ಓರಗಿತ್ತಿ ಬಯಲು ಅಂತ ಹೆಸರು.

ಹಿಂದೆ ಒಂದು ಕಾಲದಲ್ಲಿ, ಹೊಂಗೆಪೇಟೆ ಇನ್ನೂ ಎರಡೇ ಕೇರಿ ಇದ್ದಾಗ, ಮುದ್ದೇಗೌಡ, ಜವರೇಗೌಡ ಅಂತ ಅಣ್ಣ ತಮ್ಮ ಇದ್ದರಂತೆ. ಇಬ್ಬರೂ ಸಾಧು ಮನುಷ್ಯರು, ಹಾಗಾಗಿ ಕಥೆಯಲ್ಲಿ ಅವರಿಗೆ ಹೆಚ್ಚು ಕೆಲಸ ಇಲ್ಲ. ಅಣ್ಣನ ಹೆಂಡತಿ ದ್ಯಾವೀರಮ್ಮ, ತಮ್ಮನ ಹೆಂಡತಿ ಕೆಂಚಮ್ಮ. ಪಾಲಾದಾಗ ಮೇಲುಕೇರಿಯ ಹನ್ನೆರಡು ಕಂಬದ ತೊಟ್ಟಿಮನೆ ದ್ಯಾವೀರಮ್ಮನ ಕಡೆಗೆ ಹೋಯಿತು, ಕೆಳಕೇರಿಯ ಮನೆ, ಹೆಚ್ಚಿನ ಗದ್ದೆ ಕೆಂಚಮ್ಮನ ಕಡೆಗೆ ಬಂತು. ಗದ್ದೆ ನೋಡಿದರೆ ಕೆಂಚಮ್ಮನ ಪಾಲೇ ಒಂದು ಕೈ ಮೇಲು. ಆದರೆ ಗದ್ದೆಗೆ ಕಂಬ ಇರಲ್ಲ. ಬೆಳಿಗ್ಗೆ ಎದ್ದು ಕದ ತೆಗೆದರೆ ಎದುರು ದಂಡೆ ಮೇಲೆ ಅಕ್ಕನ ಹನ್ನೆರಡು ಕಂಬ ಕಾಣೋದು. ಕೆಂಚಮ್ಮ ದಿನಾ ಅವನ್ನು ಎಣಿಸುತ್ತಿದ್ದಳಂತೆ, ಒಂದಾದರೂ ಕಮ್ಮಿ ಆಗಿದೆಯೇನೋ ಅಂತ. ದ್ಯಾವೀರಮ್ಮನಿಗೂ ನೆಮ್ಮದಿ ಇರಲಿಲ್ಲ. ಕೆಳಕೇರಿ ಕಣದಲ್ಲಿ ರಾಶಿ ಹಾಕೋ ದಿನ ಅವಳು ಕಾರಣ ಇಲ್ಲದೆ ಜಗಲಿ ಮೇಲೆ ಕೂತಿರುತ್ತಿದ್ದಳು. ಆವತ್ತು ಅವಳ ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ. ಇಬ್ಬರ ನಡುವೆ ಏಳು ವರ್ಷ ಮಾತಿರಲಿಲ್ಲ.

ಎರಡು ಮನೆಯ ಮಧ್ಯೆ ಇದ್ದ ಈ ತಗ್ಗು ಮಾತ್ರ ಪಾಲಾಗದೆ ಉಳಿದಿತ್ತು. ನೀರು ನಿಲ್ಲೋ ಜಾಗ ಯಾರಿಗೆ ಬೇಕು ಅಂತ ಹಿರಿಯರು ಬಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ಕೆಂಚಮ್ಮ ಆ ತಗ್ಗಿನ ಮಧ್ಯಕ್ಕೆ ಗಾಡಿಗಟ್ಟಲೆ ಮಣ್ಣು ಹೊಡೆಸೋಕೆ ಶುರು ಮಾಡಿದಳು. ಅಲ್ಲಿ ಹದಿನಾಲ್ಕು ಕಂಬದ ಮನೆ ಏಳುತ್ತೆ ಅಂತ ಸುದ್ದಿಯಾಯಿತು. ಕೆಳಕೇರಿಯಲ್ಲೂ ಹಿತ್ತಿಲ ಕಡೆ ಜಾಗ ಇತ್ತು. ಆದರೆ ಅಲ್ಲಿ ಕಟ್ಟಿದರೆ ಮೇಲುಕೇರಿಯಿಂದ ಕಾಣಲ್ಲ. ಅಕ್ಕ ಕದ ತೆಗೆದ ಕೂಡಲೇ ಮೂಗಿಗೆ ತಗಲೋ ಹಾಗೆ ಇರಬೇಕು ಅನ್ನೋದು ಅವಳ ಆಸೆ. ಇತ್ತ ದ್ಯಾವೀರಮ್ಮ ಸುಮ್ಮನಿರುತ್ತಾಳಾ. ಅವಳೂ ತನ್ನ ಕಡೆಯಿಂದ ತಗ್ಗಿಗೆ ಮಣ್ಣು ತುಂಬಿಸಿ, ನಲವತ್ತು ದನ ಹಿಡಿಸೋ ಕೊಟ್ಟಿಗೆ ಎಬ್ಬಿಸಿದಳು. ದನಗಳ ಬಾಲ ಸರಿಯಾಗಿ ಕೆಂಚಮ್ಮನ ತಲೆಬಾಗಿಲಿಗೆ ಬರೋ ಹಾಗೆ ಅವನ್ನು ಕಟ್ಟೋ ಗೊಂತು ಹಾಕಿಸಿದಳು. ಬಡಗಿ, ಹಾಗೆ ಕಟ್ಟೋದು ವಾಡಿಕೆ ಅಲ್ಲ ಅಂದನಂತೆ. ಅವನನ್ನು ಬಿಡಿಸಿ ಬೇರೆ ಬಡಗಿಯನ್ನು ಕರೆಸಿದಳು.

ಆಗ ಕೆರೆ ನೋಡಿಕೊಳ್ಳುತ್ತಿದ್ದವನು ನೀರುಗಂಟಿ ಚೆಲುವ. ತೂಬು ಎತ್ತೋದು, ಗದ್ದೆಗದ್ದೆಗೆ ನೀರು ಹಂಚೋದು, ಕೋಡಿ ಕಾಯೋದು ಅವನ ಕೆಲಸ. ಅವನ ಮನೆ ಕೆಳಕೇರಿಯ ಕಟ್ಟಕಡೆಗೆ, ನೇಕಾರರ ಬೀದಿಯ ಪಕ್ಕ. ಆ ಬೀದಿಯಲ್ಲಿ ಮನೆಗೊಂದರಂತೆ ನಲವತ್ತು ಗುಂಡಿ ಮಗ್ಗ ಇದ್ದವು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಬಿಟ್ಟು ಕೂತು ನೇಯೋ ಮಗ್ಗ ಅದು. ಮನೆಯೊಳಗೆ ಒಂದು ಗೇಣು ನೀರು ಬಂದರೂ ಮೊದಲು ತುಂಬೋದು ಆ ಗುಂಡಿಯೇ. ಚೆಲುವ ಇದನ್ನೆಲ್ಲ ಯೋಚನೆ ಮಾಡಿ ಕೆಂಚಮ್ಮನ ಹತ್ತಿರ ಬಂದ.

"ಅವ್ವಾ, ಇದು ನೀರು ಕೂತ್ಕಳೋ ಜಾಗ ಕಣವ್ವ. ಮೂರು ದಿವ್ಸ ಕೂತಿದ್ದು ಎದ್ದೋಯ್ತದೆ. ಅದರ ಜಾಗ ನೀವು ಇಸ್ಕಂಡ್ರೆ, ಅದು ಇನ್ನೊಬ್ಬರ ಮನೇಲಿ ಕೂತ್ಕತದೆ" ಅಂದ.

"ಅಕ್ಕನ ಮನೇಲಿ ಕೂತ್ಕಳ್ಳಲಿ ಬುಡು. ಕಂಬ ಹನ್ನೆರಡವೆ, ಒರಗಿಕೊಳ್ಳಕ್ಕೆ ಬೇಕಾದಷ್ಟಾಯ್ತು" ಅಂದಳು ಕೆಂಚಮ್ಮ.

ದ್ಯಾವೀರಮ್ಮನ ಹತ್ತಿರ ಹೋದರೆ, ಮೊದಲು ಅವಳು ನಿಲ್ಲಿಸಲಿ, ಆಮೇಲೆ ನಾನು ನಿಲ್ಲಿಸುತ್ತೀನಿ ಅಂದಳು. ಈ ಮಾತು ತಂದು ಕೆಂಚಮ್ಮನಿಗೆ ಹೇಳಿದರೆ, ದೊಡ್ಡವಳು ಅವಳು, ಅವಳೇ ಮೊದಲು ನಿಲ್ಲಿಸೋದು ಮರ್ಯಾದೆ ಅಂದಳು. ಹೀಗೆ ಚೆಲುವ ಆ ತಗ್ಗಿನಲ್ಲಿ ಏಳು ಸಲ ಅತ್ತಿಂದಿತ್ತ ಹೋಗಿ ಬಂದ ಅಂತಾರೆ. ಎಂಟನೇ ಸಲ ಹೋಗೋಕೆ ದಾರಿ ಇರಲಿಲ್ಲ, ಗೋಡೆ ಬಂದಿತ್ತು.

ಮನೆ ಮುಗಿದು ಗೃಹಪ್ರವೇಶದ ಒಕ್ಕಲಿನ ದಿನ ಬಂತು. ಐದೂರಿಗೆ ಊಟ ಹೇಳಿದ್ದರು. ಚಿತ್ತೆ ಮಳೆ ನಾಲ್ಕು ದಿನದಿಂದ ಹಿಡಿದುಕೊಂಡಿತ್ತು. ಆದರೂ ಲಗ್ನ ಮುಂದಕ್ಕೆ ಹಾಕಿದರೆ ಅಕ್ಕ ನಗುತ್ತಾಳೆ ಅಂತ ಕೆಂಚಮ್ಮ ಒಪ್ಪಲಿಲ್ಲ. ದ್ಯಾವೀರಮ್ಮ, ಆ ಮನೆ ಹೊಸ್ತಿಲು ಈ ಜನ್ಮದಲ್ಲಿ ತುಳಿಯಲ್ಲ ಅಂತ ಆಣೆ ಇಟ್ಟಿದ್ದಳು. ನೋಡಲ್ಲ ಅಂತ ಆಣೆ ಇಟ್ಟಿರಲಿಲ್ಲ. ಹಾಗಾಗಿ ಬೆಳಿಗ್ಗೆಯೇ ಕಂಬಳಿ ಹೊದ್ದು ಕೊಟ್ಟಿಗೆ ಪಕ್ಕದ ಹುಲ್ಲಿನ ಮೆದೆ ಹತ್ತಿ, ಯಾರ್ಯಾರು ಬಂದರು, ಯಾರು ಯಾವ ಸೀರೆ ಉಟ್ಟಿದ್ದಾರೆ ಅಂತ ನೋಡುತ್ತಾ ಕೂತಳು. ಹೊಸ ಒಲೆ ಮೇಲೆ ಹಾಲಿಟ್ಟರು. ಹಾಲು ಯಾವ ದಿಕ್ಕಿಗೆ ಉಕ್ಕುತ್ತೆ ಅಂತ ಎಲ್ಲರೂ ಬಗ್ಗಿ ನೋಡುತ್ತಿದ್ದರು. ಹಾಲು ಮೂಡಲಿಗೆ ಉಕ್ಕಿತು, ಬಹಳ ಒಳ್ಳೆಯ ಲಕ್ಷಣ ಅಂತ ಒಬ್ಬ ಮುದುಕಿ ಹೇಳಿ ಮುಗಿಸೋದರೊಳಗೆ ಕೆರೆಯೂ ಕೋಡಿ ಬಿದ್ದು ಅದೇ ದಿಕ್ಕಿನಿಂದ ನೀರು ನುಗ್ಗಿ ಒಲೆ ಆರಿಸಿತು. ಹೋಳಿಗೆ ಬುಟ್ಟಿ, ಮಣೆ, ಪುರೋಹಿತರ ಪಂಚಾಂಗ, ಎಲ್ಲ ಒಂದೊಂದಾಗಿ ಹೊಸ ತಲೆಬಾಗಿಲು ದಾಟಿ ಹೊರಗೆ ಹೋದವು. ನೆಂಟರು ಹದಿನಾಲ್ಕು ಕಂಬ ತಬ್ಬಿಕೊಂಡು ನಿಂತು, ನೀರು ಏರಿದ ಹಾಗೆ ಅವನ್ನೇ ಹಿಡಿದು ಸೂರು ಹತ್ತಿ ಜೀವ ಉಳಿಸಿಕೊಂಡರು. ಕಂಬ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು, ಅದೇ ಕೊನೆ.

ಅತ್ತ ಹಗ್ಗ ಬಿಚ್ಚಿಬಿಟ್ಟಿದ್ದರಿಂದ ದನಗಳು ಈಜಿ ದಂಡೆ ಸೇರಿದವು. ಮೆದೆ ಮಾತ್ರ ಬುಡಸಮೇತ ಎದ್ದು, ಮೇಲೆ ದ್ಯಾವೀರಮ್ಮನನ್ನು ಕೂರಿಸಿಕೊಂಡು, ಯಾವ ಅವಸರವೂ ಇಲ್ಲದೆ ತೇಲಿಕೊಂಡು ಹೋಗಿ ಕೆಂಚಮ್ಮನ ಹೊಸ ಮನೆ ಸೂರಿಗೆ ಒರಗಿ ನಿಂತಿತು. ಕೆಂಚಮ್ಮ ಅಷ್ಟು ಹೊತ್ತಿಗೆ ಹೆಂಚಿನ ಮೇಲೆ ಹತ್ತಿ ಕೂತಿದ್ದಳು. ಏಳು ವರ್ಷದ ಮೇಲೆ ಇಬ್ಬರೂ ಮೊಳದಷ್ಟು ದೂರದಲ್ಲಿ ಮುಖಾಮುಖಿಯಾದರು.

"ನಾನಾಗಿ ಬಂದಿಲ್ಲ. ನೀರು ತಂದು ಬುಡ್ತು" ಅಂದಳು ದ್ಯಾವೀರಮ್ಮ.

ಕೆಂಚಮ್ಮ ಸುತ್ತ ನೋಡಿದಳು. "ಬಂದದ್ದಂತೂ ಆಯ್ತಲ್ಲಕ್ಕ. ಕಾಲಿಗೆ ನೀರು ಕೊಡ್ಲಾ" ಅಂದಳು.

ನಗು ಬರೋ ಭಾಗ ಇಲ್ಲಿಗೆ ಮುಗಿಯಿತು. ತಗ್ಗಿನಲ್ಲಿ ಹರಡಿಕೊಳ್ಳೋಕೆ ಜಾಗ ಸಾಲದೆ ನೀರು ಎರಡಾಳು ಎತ್ತರಕ್ಕೆ ಏರಿ, ನೇಕಾರರ ಬೀದಿಗೆ ನುಗ್ಗಿತ್ತು. ಚೆಲುವ ಓಡಿ ಹೋಗಿ ಜನರನ್ನು ಏರಿ ಮೇಲಕ್ಕೆ ಹತ್ತಿಸಿದ್ದರಿಂದ ಜೀವ ಉಳಿದವು. ಮಗ್ಗ ಉಳಿಯಲಿಲ್ಲ. ನಲವತ್ತು ಗುಂಡಿಯಲ್ಲೂ ಕೆಸರು, ಮದುವೆ ಕಾಲದ ಸೀರೆಗೆ ಅಂತ ಮಗ್ಗಕ್ಕೆ ಹಾಸಿದ್ದ ನೂಲಿನ ಹಾಸೆಲ್ಲ ಕೊಳೆತು ಹೋಯಿತು. ಎಂಟು ದಿನಕ್ಕೆ ಹನ್ನೊಂದು ಮನೆಯವರು ಮಗ್ಗದ ಮರ ತಲೆ ಮೇಲೆ ಹೊತ್ತು ಊರು ಬಿಟ್ಟರು. ಅವರು ಹೋಗೋ ದಾರಿ ಕೆಂಚಮ್ಮನ ಹೊಸ ಮನೆ ಮುಂದೆಯೇ ಇತ್ತು. ಊರೆಲ್ಲ ನಿಂತು ನೋಡಲಿ ಅಂತ ಕಟ್ಟಿಸಿದ ಮನೆ. ಹನ್ನೊಂದು ಮನೆಯವರಲ್ಲಿ ಒಬ್ಬರೂ ಕತ್ತೆತ್ತಿ ಅದರ ಕಡೆ ನೋಡಲಿಲ್ಲ. ಕೆಂಚಮ್ಮ ಬಾಗಿಲಲ್ಲೇ ನಿಂತಿದ್ದಳು ಅಂತಾರೆ.

ಸುತ್ತಲ ಐದೂರಿನ ಕೆರೆಗಳು ಒಂದಕ್ಕೊಂದು ಗಂಟು ಹಾಕಿದ ಹಾಗೆ ಇರೋದರಿಂದ ಒಂದೂರಿನ ತಪ್ಪು ಇನ್ನೊಂದೂರಿನ ಮನೆ ಕೆಡಿಸುತ್ತೆ. ಅದಕ್ಕೆ ಐದೂರಿನ ಯಜಮಾನರು ಏರಿ ಮೇಲೆ ಸೇರಿದರು. ತಗ್ಗು ಖಾಲಿಯಾಗಬೇಕು, ಖಾಲಿಯಾಗೇ ಇರಬೇಕು ಅನ್ನೋದರಲ್ಲಿ ತಕರಾರಿರಲಿಲ್ಲ. ಇಲ್ಲದಿದ್ದರೆ ಉಳಿದ ಇಪ್ಪತ್ತೊಂಬತ್ತು ಮನೆಯವರೂ ಮುಂದಿನ ಮಳೆಗೆ ಮುಂಚೆ ಹೊರಟು ನಿಂತಿದ್ದರು. ಖಾಲಿ ಇರೋ ಹಾಗೆ ನೋಡಿಕೊಳ್ಳೋರು ಯಾರು ಅನ್ನೋದೇ ಪ್ರಶ್ನೆ. ಬೇಲಿ ಹಾಕೋಣ ಅಂದರು. ಬೇಲಿ ಒಂದು ತಿಂಗಳಲ್ಲಿ ಒಲೆ ಸೇರುತ್ತೆ ಅಂದರು. ಕಾವಲಿಗೆ ಆಳು ಇಡೋಣ ಅಂದರು. ಇಟ್ಟ ಆಳು ಯಾರಿಗಾದರೂ ಭಾವಮೈದ ಆಗೇ ಇರುತ್ತಾನೆ ಅಂದರು. ದೇವರ ಮುಂದೆ ಆಣೆ ಇಡಿಸೋಣ ಅಂದಾಗ ಎಲ್ಲರೂ ದ್ಯಾವೀರಮ್ಮನ ಕಡೆ ನೋಡಿದರು, ಅವಳು ಸೆರಗು ಸರಿಮಾಡಿಕೊಂಡಳು. ಆಗ ಹಿಂದೆ ನಿಂತಿದ್ದ ಚೆಲುವ ಮುಂದೆ ಬಂದ.

"ಕಾವಲಿಗೆ ಆಳು ಬ್ಯಾಡಿ ಯಜಮಾನ್ರೆ. ಇವರಿಬ್ಬರ ಹೊಟ್ಟೆಕಿಚ್ಚು ಐತಲ್ಲ, ಅದು ನಿದ್ದೆ ಮಾಡಲ್ಲ" ಅಂದ.

ಅವನು ಹೇಳಿದ್ದು ಇಷ್ಟೇ. ಎರಡೂ ಕಟ್ಟಡ ಬೀಳಲಿ. ತಗ್ಗು ಇಬ್ಬರಿಗೂ ಸೇರಿದ್ದಾಗಿ ಇರಲಿ. ನೀರು ಅಲ್ಲಿ ಮೂರು ದಿನ ಇರುತ್ತೆ, ಹಾಗಾಗಿ ಮೂರು ದಿನಕ್ಕಿಂತ ಹೆಚ್ಚು ಅಲ್ಲಿ ಏನೂ ಇರೋ ಹಾಗಿಲ್ಲ. ಒಬ್ಬಳು ಒಂದು ಕಲ್ಲಿಟ್ಟು ನಾಲ್ಕನೇ ದಿನ ಅದು ಅಲ್ಲೇ ಇದ್ದರೆ, ಇಡೀ ತಗ್ಗು ಇನ್ನೊಬ್ಬಳ ಪಾಲು. ಓರಗಿತ್ತಿಯರಿಬ್ಬರೂ ಒಂದೇ ಉಸಿರಿಗೆ ಒಪ್ಪಿದರು. ಇಬ್ಬರ ಮನಸ್ಸಲ್ಲೂ ಇದ್ದದ್ದು ಒಂದೇ, ಎದುರಿನವಳು ಒಂದಲ್ಲ ಒಂದು ದಿನ ತಪ್ಪದೆ ಇರುತ್ತಾಳಾ ಅಂತ. ಮನೆ, ಕೊಟ್ಟಿಗೆ ಎರಡನ್ನೂ ಕೆಡವಿ ಮಣ್ಣು ಎತ್ತಿಸಿದರು. ಕೆಂಚಮ್ಮ ತನ್ನ ಕಂಬದ ಕಲ್ಲೊಂದನ್ನು ಕೆಳಕೇರಿ ದಂಡೆ ಮೇಲೆ ಅಡ್ಡ ಹಾಕಿಸಿಕೊಂಡಳು. ಅದನ್ನು ನೋಡಿ ದ್ಯಾವೀರಮ್ಮ ಕೊಟ್ಟಿಗೆಯ ಹೊಸ್ತಿಲ ಕಲ್ಲನ್ನು ಮೇಲುಕೇರಿ ದಂಡೆಗೆ ಹಾಕಿಸಿದಳು, ಅದಕ್ಕಿಂತ ನಾಲ್ಕು ಬೆರಳು ಅಗಲವಾಗಿ. ಅವತ್ತಿನಿಂದ ಇಬ್ಬರೂ ದಿನಾ ಮನೆಗೆಲಸ ಮುಗಿಸಿ ಬಂದು, ಎದುರುಬದುರು ಕೂತು, ಅಕ್ಕಿ ಆರಿಸುತ್ತಾ ಕಾವಲು ಕಾದರು.

ಅಂಥ ಕಾವಲನ್ನು ಯಾವ ರಾಜನೂ ಕಂಡಿರಲಿಲ್ಲ. ಕೆಂಚಮ್ಮ ಒಮ್ಮೆ ಬಯಲಲ್ಲಿ ಸಂಡಿಗೆ ಒಣಹಾಕಿ, ಬಟ್ಟೆ ಹಾರದಿರಲಿ ಅಂತ ನಾಲ್ಕು ಕಲ್ಲು ಇಟ್ಟಿದ್ದಕ್ಕೆ ದ್ಯಾವೀರಮ್ಮ ಐದೂರು ಸೇರಿಸಿದಳು. ಸಂಡಿಗೆ ಎರಡೇ ದಿನಕ್ಕೆ ಒಣಗಿದ್ದರಿಂದ ಕೆಂಚಮ್ಮ ಬಚಾವಾದಳು, ಬಂದ ಯಜಮಾನರಿಗೆ ಸಂಡಿಗೆ ಕರಿದು ಕೊಟ್ಟಳು. ಇನ್ನೊಮ್ಮೆ ದ್ಯಾವೀರಮ್ಮನ ಕೋಳಿ ಹುಲ್ಲಿನ ಮರೆಯಲ್ಲಿ ಮೊಟ್ಟೆ ಇಟ್ಟಿತು. ಮೊಟ್ಟೆ ಇಡೋದು ತಪ್ಪಲ್ಲ, ಆದರೆ ಕಾವಿಗೆ ಕೂತರೆ ಇಪ್ಪತ್ತೊಂದು ದಿನ, ಅದು ವಾಸಕ್ಕೆ ಸಮ ಅಂತ ಯಜಮಾನರು ತೀರ್ಮಾನ ಕೊಟ್ಟರು. ಕೋಳಿಯನ್ನು ಮೂರನೇ ದಿನ ಸಂಜೆ ಎಬ್ಬಿಸಿದರು. ಮಳೆಗಾಲ ಬಂತು, ಕೋಡಿ ಬಿತ್ತು, ನೀರು ಬಂದು ಕೂತು ಎದ್ದು ಹೋಯಿತು. ಊರು ಬಿಟ್ಟಿದ್ದ ಹನ್ನೊಂದರಲ್ಲಿ ಏಳು ಮನೆಯವರು ತಿರುಗಿ ಬಂದು ಗುಂಡಿ ತೋಡಿಕೊಂಡರು.

ಹೀಗೆ ಇಪ್ಪತ್ತಾರು ವರ್ಷ. ಆಮೇಲೆ ದ್ಯಾವೀರಮ್ಮ ತೀರಿಕೊಂಡಳು. ತಿಥಿ ಕಳೆದ ಮೇಲೆ ಊರಿಗೆಲ್ಲ ಒಂದೇ ಹೆದರಿಕೆ, ಇನ್ನು ಕೆಂಚಮ್ಮನನ್ನು ಕೇಳೋರು ಯಾರೂ ಇಲ್ಲವಲ್ಲ ಅಂತ. ಅವಳ ಮಗ ಆಗಲೇ ಬಯಲೊಳಗೆ, ಕೆಳಕೇರಿ ಅಂಚಿಗೆ, ಒಂದು ಗಾಡಿ ಇಟ್ಟಿಗೆ ಇಳಿಸಿದ್ದ. ಮಾರನೇ ದಿನ ಕೆಂಚಮ್ಮ ಅಕ್ಕಿ ಮೊರ ಹಿಡಿದು ಬಂದಳು. ತನ್ನ ಕಲ್ಲಿನ ಹತ್ತಿರ ನಿಲ್ಲಲಿಲ್ಲ. ಬಯಲು ದಾಟಿ ಎದುರು ದಂಡೆ ಹತ್ತಿ, ಅಕ್ಕನ ಕಲ್ಲಿನ ಮೇಲೆ ಕೂತು, ತನ್ನ ಮಗನ ಇಟ್ಟಿಗೆ ಕಡೆ ನೋಡುತ್ತಾ ಅಕ್ಕಿ ಆರಿಸೋಕೆ ಶುರು ಮಾಡಿದಳು. ಮುದುಕನಾಗಿದ್ದ ಚೆಲುವ ಕೋಲೂರಿಕೊಂಡು ಬಂದು, ನಿಮ್ಮ ಕಲ್ಲು ಆ ಕಡೆ ಅಲ್ವಾ ಅವ್ವಾ ಅಂತ ಕೇಳಿದ.

"ಈ ಕಡೆಯಿಂದ ನಮ್ಮ ಕಡೆ ಸರ್ಯಾಗಿ ಕಾಣ್ತದೆ" ಅಂದಳು ಕೆಂಚಮ್ಮ. ಮೊರದಿಂದ ಒಂದು ಕಲ್ಲು ಆರಿಸಿ ಎಸೆದು ಅಂದಳು, "ಅವಳಿದ್ದಾಗ ಸಿಗದೆ ಇದ್ದದ್ದು ಈಗ ಸಿಕ್ರೆ, ಅವಳೇ ಕೊಟ್ಟಂಗಾಯ್ತದೆ ಚೆಲುವ. ಅವಳ ಕೈಯಿಂದ ನಂಗೆ ಒಂದು ಹಿಡಿ ಮಣ್ಣೂ ಬ್ಯಾಡ."

ಇಟ್ಟಿಗೆ ಮೂರನೇ ದಿನಕ್ಕೆ ಅಲ್ಲಿಂದ ಹೋಯಿತು. ಕೆಂಚಮ್ಮ ಇನ್ನೂ ಒಂಬತ್ತು ವರ್ಷ ಬದುಕಿದ್ದಳು, ಒಂದು ದಿನವೂ ತನ್ನ ಕಲ್ಲಿನ ಮೇಲೆ ಕೂರಲಿಲ್ಲವಂತೆ.

ಆಮೇಲೆ ಎಷ್ಟೋ ಮಳೆಗಾಲ ಹೋದವು. ಬಯಲಲ್ಲಿ ಮಾರುಕಟ್ಟೆ ಮಾಡೋಣ ಅಂತ ಒಂದು ಸಲ, ಕಲ್ಯಾಣಮಂಟಪ ಮಾಡೋಣ ಅಂತ ಎರಡು ಸಲ ಪುರಸಭೆಯಲ್ಲಿ ಮಾತು ಬಂದಿತ್ತು. ಬಾಗಿಲು ಮೇಲುಕೇರಿ ಕಡೆಗಾದರೆ ಕೆಳಕೇರಿಯವರು ಬಿಡಲಿಲ್ಲ, ಕೆಳಕೇರಿ ಕಡೆಗಾದರೆ ಮೇಲುಕೇರಿಯವರು ಬಿಡಲಿಲ್ಲ. ಈಗಲೂ ಅಲ್ಲಿ ಕ್ರಿಕೆಟ್ ಆಡೋರು ಮೂರನೇ ದಿನಕ್ಕೆ ವಿಕೆಟ್ ಕಿತ್ತು ಜಾಗ ಬದಲಾಯಿಸುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಕೋಟೆಮಾಳದವರು ವ್ಯಾನಿನಿಂದ ಇಳಿದು ನೋಡಿದ್ದು ಇದನ್ನೇ: ಹುಲ್ಲು, ಒಂದಷ್ಟು ಮೇಕೆ, ಎರಡು ದಂಡೆ ಮೇಲೆ ಎರಡು ಕಲ್ಲು. ಕೂತು ಕೂತು ಎರಡರಲ್ಲೂ ಕುಳಿ ಬಿದ್ದಿದೆ. ಮೇಲುಕೇರಿ ಕಲ್ಲಿನ ಕುಳಿ ಒಂದು ಬೆರಳು ಹೆಚ್ಚು ಆಳ ಇದೆ. ನಮ್ಮವಳೇ ಹೆಚ್ಚು ಕಾದದ್ದು ಅಂತ ಮೇಲುಕೇರಿಯವರು ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಕೆಳಕೇರಿಯವರು ಅಲ್ಲೇ ಪಕ್ಕದಲ್ಲಿ ನಿಂತಿದ್ದು, ಆ ಹೆಚ್ಚಿನ ಒಂದು ಬೆರಳು ನಮ್ಮವಳದು ಅಂತಾರೆ.