ಕಿಟಕಿಗೆ ಅಂಟಿಕೊಂಡ ಗೊರವಂಕ

ದರ್ಜಿಯೊಬ್ಬ ಕಿಟಕಿಗೆ ಬೆನ್ನು ಮಾಡಿ ಕೂತು, ಮಿಷನ್ನಿನ ಮೇಲೆ ಮೊಬೈಲ್ ನಿಲ್ಲಿಸಿಕೊಂಡು, ದೂರದೇಶದ ಹಕ್ಕಿಗಳ ವಿಡಿಯೋ ನೋಡುತ್ತಾ ಹೊಲಿಯುತ್ತಿದ್ದ. ಎದುರಿನ ಹೊಂಗೆಮರದಲ್ಲಿ ಗೂಡು ಕಟ್ಟಿದ್ದ ಗೊರವಂಕಕ್ಕೆ ಅದರ ಹುಚ್ಚು ಹಿಡಿಯಿತು. ಬೆಳಗಾದರೆ ಸಾಕು, ಬಂದು ಕಿಟಕಿಯ ಸರಳಿನ ಮೇಲೆ ಕೂರುತ್ತಿತ್ತು.

ಒಂದು ದಿನ ಅದರ ಹೆಂಡತಿ ಹೇಳಿತು: “ಇವತ್ತು ನಮ್ಮ ಮಗ ಮೊದಲ ಸಲ ಹಾರುತ್ತಾನೆ. ನೀವು ಗೂಡಿನ ಹತ್ತಿರವೇ ಇರಿ.”

“ಇರದೆ ಎಲ್ಲಿಗೆ ಹೋಗಲಿ? ಒಂದೇ ಗಳಿಗೆ, ಬಂದುಬಿಟ್ಟೆ,” ಎಂದು ಗೊರವಂಕ ಕಿಟಕಿಗೆ ಹಾರಿತು.

ಮೊಬೈಲಿನಲ್ಲಿ ಸಾವಿರಾರು ಕೊಕ್ಕರೆಗಳು ಒಮ್ಮೆಲೇ ಕೆರೆಯಿಂದ ಮೇಲೇಳುತ್ತಿದ್ದವು. ಅಷ್ಟರಲ್ಲಿ ಯಾವುದೋ ಹಕ್ಕಿ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕುಳಿತು, “ನೋಡಿದಿರಾ?” ಎಂದಿತು.

“ನೋಡುತ್ತಲೇ ಇದ್ದೇನಲ್ಲ. ಸ್ವಲ್ಪ ಆಚೆ ಸರಿ, ಅಡ್ಡ ಬರುತ್ತಿದ್ದೀಯ,” ಎಂದಿತು ಗೊರವಂಕ, ಕತ್ತು ತಿರುಗಿಸದೆ.

ಆ ಹಕ್ಕಿ ಸರಿಯಿತು. ಸ್ವಲ್ಪ ಹೊತ್ತು ಕಾದು ಹಾರಿಹೋಯಿತು.

ವಿಡಿಯೋ ಮುಗಿಯುವ ಹೊತ್ತಿಗೆ ಹೆಂಡತಿ ಬಂತು. “ಮಗ ಎಲ್ಲಿ? ಮೊದಲು ಅಪ್ಪನಿಗೇ ತೋರಿಸುತ್ತೇನೆಂದು ನೇರ ನಿಮ್ಮ ಹತ್ತಿರ ಬಂದನಲ್ಲ!”

ಗೊರವಂಕ ಬೆಚ್ಚಿ ತಲೆಯೆತ್ತಿತು. ಆಕಾಶದಲ್ಲಿ ಹತ್ತಾರು ಗೊರವಂಕಗಳು ಹಾರಾಡುತ್ತಿದ್ದವು. ಅವುಗಳಲ್ಲಿ ತನ್ನ ಮಗ ಯಾರೆಂದು ಅದಕ್ಕೆ ತಿಳಿಯಲಿಲ್ಲ.