ಅತಿಥಿಯ ಎಲೆ

ಹೊಳೆದಂಡೆಯ ಆ ಆಶ್ರಮದಲ್ಲಿ ಹೊಸಬರನ್ನು ಕೂರಿಸುವ ಊಟದ ಸಾಲಿಗೆ ಏನೋ ಒಂದು ಹೆಸರಿತ್ತು. ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ. ಹೋಗಲಿ, ಅತಿಥಿಗಳ ಸಾಲು ಎನ್ನೋಣ.

ಹುಣ್ಣಿಮೆಯವರೆಗೆ ಯಾರು ಬೇಕಾದರೂ ಅಲ್ಲಿ ಕೂತು ಉಣ್ಣಬಹುದು. ಆಮೇಲೆ ಅಡುಗೆಯವರ ಸಾಲೋ, ದನ ಕಾಯುವವರ ಸಾಲೋ, ನೇಕಾರರ ಸಾಲೋ, ಒಂದನ್ನು ಸೇರಬೇಕು. ಇಲ್ಲವೇ ಮನೆಗೆ ಹೊರಡಬೇಕು.

ನೀಲಗಂಗವ್ವನಿಗೆ ಐವತ್ತು ದಾಟಿತ್ತು. ಮಕ್ಕಳ ಮದುವೆ, ಸೊಸೆಯರ ಬಾಣಂತನ ಎಲ್ಲ ಮುಗಿಸಿ, ಇನ್ನಾದರೂ ನೇಯುವುದನ್ನು ಕಲಿಯಲೇಬೇಕೆಂದು ಬಂದಿದ್ದಳು.

ಹುಣ್ಣಿಮೆಯ ಹಿಂದಿನ ಸಂಜೆ ಅವಳು ಹೊಳೆಗೆ ಹೋದಳು. ಗುರುಗಳು ಕಂಬಳಿ ಒಗೆಯುತ್ತಿದ್ದರು.

“ದಿನಾ ಮಗ್ಗದ ಮನಿ ಬಾಗಿಲಿಗೆ ಹೋಗಿ ನಿಂದರತೀನ್ರಿ, ಅಪ್ಪಾರ. ನನಗೇನರ ಕೆಲಸ ಐತೇನ್ರಿ ಅಂತ ಕೇಳತೀನಿ. ಇಲ್ಲ ಅಂತಾರ. ಈ ವಯಸ್ಸಿನಾಗ ನಿನ್ನ ಬೆರಳು ಬಗ್ಗತಾವೇನಬೇ ಅಂತ ನಗತಾರ.”

ನೀರು ಕುಡಿದು ಭಾರವಾದ ಕಂಬಳಿಯನ್ನು ಗುರುಗಳು ಎತ್ತಿ ಹಿಂಡತೊಡಗಿದರು. ಒಂದು ತುದಿ ಹಿಂಡಿದರೆ ಇನ್ನೊಂದು ತುದಿ ಮರಳಿಗೆ ಬೀಳುತ್ತಿತ್ತು.

“ನಾಳೆ ಹುಣ್ಣಿಮಿ. ಆದ್ರ ನಾ ವಾಪಸ್ ಹೋಗಾಕಿ ಅಲ್ಲ,” ಎನ್ನುತ್ತಲೇ ನೀಲಗಂಗವ್ವ ಆ ತುದಿ ಹಿಡಿದು ಬಲವಾಗಿ ತಿರುವಿದಳು. ನೀರು ದಡದಡ ಸುರಿಯಿತು.

“ಕಂಬಳಿ ಹಿಡಿಯೂ ಮುಂದ ಕೆಲಸ ಐತೇನ್ರಿ ಅಂತ ನನ್ನ ಕೇಳಲೇ ಇಲ್ಲಲ್ಲ, ತಂಗಿ?” ಎಂದರು ಗುರುಗಳು.

ಅವಳು ಕೈಯಲ್ಲಿದ್ದ ಕಂಬಳಿಯನ್ನು ನೋಡಿದಳು.

ಮರುದಿನ ಬೆಳಕು ಹರಿಯುವಾಗ ನೇಕಾರರು ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಅಂಗಳದುದ್ದ ಚಾಚಿ ಗಂಜಿ ಹಚ್ಚುತ್ತಿದ್ದರು. ಬಿಸಿಲೇರುವುದರೊಳಗೆ ಮುಗಿಯಬೇಕಾದ ಕೆಲಸ. ನಡುವೆ ಒಂದು ಕಡೆ ನೂಲು ಜೋತು ನೆಲಕ್ಕೆ ತಾಗುವುದರಲ್ಲಿತ್ತು. ನೀಲಗಂಗವ್ವ ಹೋಗಿ ಎತ್ತಿ ಹಿಡಿದಳು.

“ನಿನ್ನ ಯಾರು ಕರದಾರಬೇ?” ಹಿರಿಯ ನೇಕಾರ ಚಂದಪ್ಪಜ್ಜ ಗದರಿದ.

“ನೂಲು ಮಣ್ಣಾಗ ಬೀಳಾಕತ್ತೈತಿ, ಅಜ್ಜಾ. ಮೊದಲು ಗಂಜಿ ಹಚ್ರಿ. ಬೈಯಾಕ ಆಮ್ಯಾಲೆ ಹೊತ್ತೈತಿ.”

ಹುರುಪಿನಲ್ಲಿ ಅವಳು ತುಸು ಜೋರಾಗಿಯೇ ಎಳೆದಳು. ನಾಲ್ಕಾರು ಎಳೆ ಪಟಪಟನೆ ಹರಿದವು.

“ಇದು ಎಮ್ಮಿ ಹಗ್ಗ ಅಂದುಕೊಂಡಿಯೇನು?” ಚಂದಪ್ಪಜ್ಜ ಅಂಗಳವೆಲ್ಲ ಕೇಳುವಂತೆ ಕೂಗಾಡಿದ. ಉಳಿದವರು ನಕ್ಕರು.

ನೀಲಗಂಗವ್ವ ಜಾಗ ಬಿಟ್ಟು ಕದಲಲಿಲ್ಲ. “ಗಂಟು ಹಾಕೂದು ತೋರಸ್ರಿ,” ಎಂದಳು.

ಗೊಣಗುತ್ತಲೇ ಅಜ್ಜ ತೋರಿಸಿದ. ಅವಳು ಹಾಕಿದ ಗಂಟು ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಅಜ್ಜ ಮತ್ತೆ ಬೈದ. ಬಿಸಿಲೇರುವ ಹೊತ್ತಿಗೆ ಒಂದು ಗಂಟು ನಿಂತಿತು.

ಮಧ್ಯಾಹ್ನ ಊಟಕ್ಕೆ ಅವಳು ಎಂದಿನಂತೆ ಅತಿಥಿಗಳ ಸಾಲಿನಲ್ಲಿ ಕೂತಳು. ಗುರುಗಳು ಬಂದು ಅವಳ ಮುಂದಿನ ಎಲೆಯನ್ನು ತೆಗೆದುಬಿಟ್ಟರು.

ಅವಳು ಎದ್ದು ನಿಂತಳು. “ಹೊರಡಲೇನ್ರಿ, ಅಪ್ಪಾರ?”

ಅಷ್ಟರಲ್ಲಿ ನೇಕಾರರ ಸಾಲಿನಿಂದ ಚಂದಪ್ಪಜ್ಜನ ದನಿ ಕೇಳಿತು. “ಎಲ್ಲಿ ಹೋದಳು ನನ್ನ ನೂಲು ಹರದಾಕಿ? ಇಲ್ಲಿ ಹಾಕಿದ ಎಲಿ ಒಣಗಾಕತ್ತೈತಿ!”

“ಅಜ್ಜನ ಸಿಟ್ಟು ಇನ್ನೂ ಇಳಿದಿಲ್ರಿ,” ಎಂದಳು ನೀಲಗಂಗವ್ವ. “ಇಲ್ಲೀತನಕ ಬೈಯಾಕತ್ತಾರ.”

ಗುರುಗಳು ಎಲೆಯನ್ನು ಮಡಚಿದರು.

“ಅತಿಥಿಗಳನ್ನ ಯಾರೂ ಬೈಯಂಗಿಲ್ಲ, ತಂಗಿ.”